ಮೊದಲನೇ ನಂಬರಿಗಾಗಿ ಹುಡುಕಿದ ಹೈಸ್ಕೂಲು

ಜತ್ತದ ಹತ್ತಿರದ ಗಡಿ ಊರು ಮುಚ್ಚಂಡಿಯಲ್ಲಿ ನನ್ನದೊಂದು ವಹಿ-ಪುಸ್ತಕದ ಅಂಗಡಿ ಇದೆ. ಹದಿನೆಂಟು ವರ್ಷದಿಂದ ವಹಿ, ಪೆನ್ನು, ಕಂಪಾಸು ಪೆಟ್ಟಿಗೆ ಮಾರುತ್ತ ಬಂದಿದ್ದರಿಂದ, ಶಿಕ್ಷಣದ ವಿಷಯದಲ್ಲಿ ನನಗೆ ತಿಳಿಯದೇ ಇರುವುದು ಹೆಚ್ಚೇನೂ ಇಲ್ಲ ಎಂದು ನಂಬಿದ್ದೆ. ಪಠ್ಯಪುಸ್ತಕ ಬದಲಾದರೆ ಊರಿಗೆಲ್ಲ ಮೊದಲು ಗೊತ್ತಾಗುವುದು ನನಗೆ. ಹಳೆಯ ಪುಸ್ತಕಗಳು ಮಾರಾಟವಾಗದೆ ಉಳಿಯುವುದೂ ನನ್ನಲ್ಲಿಯೇ.

ನನ್ನ ಮಗಳು ಭಾಗ್ಯಶ್ರೀ ಊರ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದ್ದಳು. ವರ್ಗಕ್ಕೆ ಮೂರನೆಯವಳು. ನಮ್ಮ ಓಣಿಯ ಮಕ್ಕಳು ಅಲ್ಲಿಂದ ಮುಂದೆ ಜತ್ತದ ದೊಡ್ಡ ಸರಕಾರಿ ಹೈಸ್ಕೂಲಿಗೆ ಹೋಗುವುದು ರೂಢಿ. ಒಂದೇ ಬಸ್ಸು, ಗೊತ್ತಿರುವ ಮಾಸ್ತರರು. ನಾವೂ ಅಲ್ಲಿಗೇ ಕಳಿಸುತ್ತಿದ್ದೆವು, ನಾನು ಆ ಬೇಸಿಗೆಯಲ್ಲಿ ಒಂದು ಮದುವೆಗೆ ಹೋಗದೇ ಇದ್ದಿದ್ದರೆ.

ಊಟದ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಪುಣೆಯಿಂದ ಬಂದ ಹಿರಿಯರೊಬ್ಬರು ಕುಳಿತಿದ್ದರು. ಅವರು ಜಿಲೇಬಿ ಮುರಿಯುತ್ತ ಒಂದು ಗುಟ್ಟು ಹೇಳಿದರು. ಪುಣೆಯ ದೊಡ್ಡ ಕಾಲೇಜಿನಲ್ಲಿ ಸೀಟು ಬೇಕಾದರೆ ಮಕ್ಕಳು ತಮ್ಮ ಹೈಸ್ಕೂಲಿಗೆ ಮೊದಲನೇ ನಂಬರು ಬಂದಿರಬೇಕಂತೆ. ಹೈಸ್ಕೂಲು ಯಾವುದು ಎಂದು ಯಾರೂ ಕೇಳುವುದಿಲ್ಲವಂತೆ. ನಾನು ತುತ್ತನ್ನು ಕೈಯಲ್ಲೇ ಹಿಡಿದು ಕುಳಿತೆ. ಜತ್ತದ ಹೈಸ್ಕೂಲಿನಲ್ಲಿ ಮಗಳು ಮೊದಲಿನವಳಾಗಬೇಕಾದರೆ ನೂರಾರು ಮಕ್ಕಳನ್ನು ಹಿಂದೆ ಹಾಕಬೇಕು. ಅದೇ ಮಕ್ಕಳೇ ಇಲ್ಲದ ಹೈಸ್ಕೂಲಿಗೆ ಹಾಕಿದರೆ? ಹಿಂದೆ ಹಾಕುವ ತೊಂದರೆಯೇ ಇಲ್ಲ.

ಮನೆಗೆ ಬಂದು ಹೆಂಡತಿ ಮಹಾದೇವಿಗೆ ಯೋಜನೆ ವಿವರಿಸಿದೆ. ಅವಳು ಕಾಳು ಆರಿಸುತ್ತ ಎಲ್ಲವನ್ನೂ ಕೇಳಿದಳು.

"ಹುಡುಗಿಗಿ ಕೇಳೀರೇನು?" ಎಂದಳು.

ಅವಳಿಗೇನು ತಿಳಿಯುತ್ತದೆ, ಹದಿಮೂರು ವರ್ಷದವಳು ಎಂದೆ. ನನ್ನ ವಯಸ್ಸು ನಲವತ್ತಾರು. ಆ ಲೆಕ್ಕದಲ್ಲಿ ನನಗೆ ಎಲ್ಲ ತಿಳಿಯಬೇಕಿತ್ತು.

ಮರುವಾರ ಮೋಟಾರ್‌ಸೈಕಲ್ ಹತ್ತಿ ಹೈಸ್ಕೂಲು ಹುಡುಕಲು ಹೊರಟೆ. ಬೆಳುಂಕಿಯ ಕಡೆ ಹೋಗುವ ದಾರಿಯಲ್ಲಿ ಬೇವಿನ ಮರಗಳ ನಡುವೆ ಒಂದು ಸಣ್ಣ ಹೈಸ್ಕೂಲು ಸಿಕ್ಕಿತು. ಬರುವ ವರ್ಷದ ಎಂಟನೆಯ ವರ್ಗಕ್ಕೆ ಹೆಸರು ಹಚ್ಚಿದವರು ಹನ್ನೊಂದೇ ಮಕ್ಕಳು. ಹೆಡ್‌ಮಾಸ್ತರರು ಸಾಧು ಮನುಷ್ಯ. ಹೊಸ ಪಾಲಕರೊಬ್ಬರು ತಾವಾಗಿಯೇ ಬಂದರಲ್ಲ ಎಂದು ಹಿಗ್ಗಿ ನನಗೆ ಚಹಾ ತರಿಸಿದರು. ಪ್ರಯೋಗಶಾಲೆ ತೋರಿಸಲು ಎದ್ದರು. ಅದು ಬೇಡ, ಮಕ್ಕಳು ಓದಿನಲ್ಲಿ ಹೇಗಿದ್ದಾರೆ ಹೇಳಿ ಎಂದೆ. ಅವರ ಮುಖ ಸಣ್ಣದಾಯಿತು.

"ಸುಳ್ಳ ಯಾಕ ಹೇಳ್ಲಿರಿ, ಗಣಿತದಾಗ ಸ್ವಲ್ಪ ಹಿಂದ ಅದಾರ್ರಿ," ಎಂದರು.

"ಭಾಳ ಚಲೋ ಆತ್ರಿ," ಎಂದು ನಾನು ಅವರ ಕೈ ಹಿಡಿದು ಕುಲುಕಿದೆ.

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಅಂಥ ಪಾಲಕರನ್ನು ಅವರು ಅದಕ್ಕೂ ಮೊದಲು ಕಂಡಿರಲಿಕ್ಕಿಲ್ಲ.

ಇಲ್ಲಿಯವರೆಗೆ ನನ್ನ ಯೋಜನೆಯಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ನನ್ನ ಬಾಯಿಯಲ್ಲಿ. ಜೂನ್ ಬಂತೆಂದರೆ ಊರಿನ ತಂದೆತಾಯಿಗಳೆಲ್ಲ ನನ್ನ ಅಂಗಡಿಗೆ ಬರುತ್ತಾರೆ. ಟೇಲರ್ ಮಲ್ಲಪ್ಪ ತನ್ನ ಮಗಳು ಸುಮಾಳಿಗೆ ವಹಿ ಕೊಳ್ಳಲು ಬಂದ. ಊರ ಶಾಲೆಯಲ್ಲಿ ಮೊದಲನೇ ನಂಬರು ಬಂದವಳು ಅವಳೇ. ಭಾಗ್ಯಶ್ರೀಯನ್ನು ಯಾವ ಹೈಸ್ಕೂಲಿಗೆ ಹಾಕುತ್ತೀರಿ ಎಂದು ಆತ ಸುಮ್ಮನೆ ಕೇಳಿದ. ನಾನೂ ಸುಮ್ಮನೆ ಹೆಸರು ಹೇಳಿ ಬಿಡಬಹುದಿತ್ತು. ಆದರೆ ಹೆಸರು ಕೇಳಿ ಆತ ಅಯ್ಯೋ ಪಾಪ ಎನ್ನುವ ಹಾಗೆ ನೋಡಿದ. ಅದನ್ನು ಸಹಿಸಲಾರದೆ ಕಾರಣವನ್ನೂ ಹೇಳಿದೆ. ಯಾರ ಮುಂದೆಯೂ ಬಾಯಿ ಬಿಡಬಾರದು ಎಂದು ಆಣೆ ಹಾಕಿಸಿಕೊಂಡೆ. ಸಂಜೆ ಹಾಲಿನ ಡೇರಿಯವರು ಬಂದರು, ಅವರೂ ಹಾಗೆಯೇ ನೋಡಿದರು. ಒಂದು ವಾರದಲ್ಲಿ ನಾನು ಹಾಕಿಸಿಕೊಂಡ ಆಣೆಗಳು ಎಷ್ಟು ಎಂದು ನನಗೇ ನೆನಪಿಲ್ಲ.

ಶಾಲೆ ಶುರುವಾದ ದಿನ ಮಗಳನ್ನು ಕರೆದುಕೊಂಡು ಮುಂಜಾನೆ ಬಸ್ ನಿಲ್ದಾಣಕ್ಕೆ ಹೋದೆ. ಜತ್ತದಲ್ಲಿ ಇಳಿದು ಇನ್ನೊಂದು ಬಸ್ಸಿಗೆ ನಿಂತರೆ ಅಲ್ಲಿ ಮಲ್ಲಪ್ಪ ನಿಂತಿದ್ದ. ಮಿಷಿನ್ನಿನ ಬೆಲ್ಟು ತರಲು ಹೊರಟಿದ್ದೇನೆ ಎಂದ. ಪಕ್ಕದಲ್ಲಿ ಸುಮಾ ಹೊಸ ಸಮವಸ್ತ್ರ ಹಾಕಿಕೊಂಡು, ಬೆನ್ನಿಗೆ ನಾನೇ ಮಾರಿದ ಚೀಲ ಹೊತ್ತು ನಿಂತಿದ್ದಳು. ಡೇರಿಯವರು ದಾಳಿಂಬೆ ಸಸಿ ನೋಡಲು ಹೊರಟಿದ್ದರು, ಇಬ್ಬರು ಮಕ್ಕಳ ಸಮೇತ. ಒಬ್ಬೊಬ್ಬರಾಗಿ ಬಂದು ಸೇರಿದರು. ಶೇಗಾಂವದಿಂದಲೂ ಒಬ್ಬರು ಬಂದಿದ್ದರು, ಅವರಿಗೆ ಯಾರು ಹೇಳಿದರೋ ಗೊತ್ತಿಲ್ಲ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಬಸ್ಸು ಬಂದಾಗ ಎಲ್ಲರೂ ಒಂದೇ ಊರಿಗೆ ಟಿಕೆಟು ತೆಗೆಸಿದೆವು.

ಹನ್ನೊಂದು ಮಕ್ಕಳ ವರ್ಗದಲ್ಲಿ ಅವತ್ತು ಮೂವತ್ತು ಮಕ್ಕಳಾದರು. ಸುತ್ತಲಿನ ಊರುಗಳ ಜಾಣ ಮಕ್ಕಳನ್ನೆಲ್ಲ ಆರಿಸಿ ತಂದು ನಾನೇ ಒಂದು ಕೋಣೆಯಲ್ಲಿ ಕೂರಿಸಿದಂತಾಗಿತ್ತು. ಮೊದಲ ಚಾಚಣಿ ಪರೀಕ್ಷೆಯಲ್ಲಿ ಭಾಗ್ಯಶ್ರೀಗೆ ಒಂಬತ್ತನೇ ನಂಬರು ಬಂತು. ಸುಮಾಳಿಗೂ ಮೊದಲನೆಯದು ದಕ್ಕಲಿಲ್ಲ. ಅದು ಬಂದದ್ದು ಆ ಹೈಸ್ಕೂಲು ಇರುವ ಊರಿನವಳೇ ಆದ ಮಾಯವ್ವನಿಗೆ. ತಂದೆಯ ಕುರಿ ಹಿಂಡಿನ ಹಿಂದೆ ಓಡಾಡುತ್ತ ಓದುವ ಹುಡುಗಿ. ಹೆಡ್‌ಮಾಸ್ತರರು 'ಸ್ವಲ್ಪ ಹಿಂದೆ' ಎಂದಿದ್ದ ಹನ್ನೊಂದು ಮಕ್ಕಳಲ್ಲಿ ಒಬ್ಬಳು.

ನಾನು ನೇರವಾಗಿ ಹೆಡ್‌ಮಾಸ್ತರರ ಬಳಿಗೆ ಹೋದೆ. ಅವರು ಎದ್ದು ನಿಂತು ಕೈ ಮುಗಿದರು. ಮಕ್ಕಳಿಗೆ ಒಬ್ಬರನ್ನೊಬ್ಬರು ನೋಡಿ ಓದುವ ಹುರುಪು ಬಂದಿದೆ, ಇದೆಲ್ಲ ನಿಮ್ಮಿಂದ ಎಂದರು. ಅವರ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. ಬೈಯಲು ಹೋದವನು ಚಹಾ ಕುಡಿದು ಬಂದೆ.

ಆದರೂ ನನಗೆ ಬುದ್ಧಿ ಬರಲಿಲ್ಲ. ಜಾಣರೆಲ್ಲ ಇಲ್ಲಿಗೆ ಬಂದಿದ್ದಾರೆ ಎಂದರೆ ಜತ್ತದ ಹೈಸ್ಕೂಲಿನಲ್ಲಿ ಈಗ ದಾರಿ ಖಾಲಿ ಎಂದು ಲೆಕ್ಕ ಹಾಕಿದೆ. ಮನೆಯಲ್ಲಿ ಹೇಳದೆ ಅಲ್ಲಿಗೆ ಹೋಗಿ ಕ್ಲಾರ್ಕರ ಮುಂದೆ ಕುಳಿತೆ. ನಡುವರ್ಷದಲ್ಲಿ ಯಾಕೆ ಶಾಲೆ ಬದಲಿಸುತ್ತೀರಿ ಎಂದು ಅವರು ಕೇಳಿದರು. ಮೊದಲನೇ ನಂಬರಿನ ಗುಟ್ಟನ್ನು ಅವರಿಗೂ ಹೇಳಿದೆ. ಅವರು ನಗಲಿಲ್ಲ. ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ ಕಾಲೇಜಿನ ಹನ್ನೊಂದನೆಯ ಇಯತ್ತೆಯ ಪ್ರವೇಶದ ಅರ್ಜಿ ತೆರೆದು ತೋರಿಸಿದರು.

"ಇದ್ರಾಗ ಸಾಲ್ಯಾಗಿನ ನಂಬರ್ ಬರಿಯೂ ಖಾನಿ ಎಲ್ಲೈತಿ, ನೀವ ತೋರಸ್ರಿ," ಎಂದರು.

ಎರಡು ಸಲ ಮೇಲಿಂದ ಕೆಳಗೆ ಓದಿದೆ. ಹತ್ತನೆಯ ಪರೀಕ್ಷೆಯ ಗುಣಗಳನ್ನು, ಎಂದರೆ ಅಂಕಗಳನ್ನು, ಕೇಳಿದ್ದರು. ಎಷ್ಟನೆಯವಳು ಎಂದು ಎಲ್ಲಿಯೂ ಕೇಳಿರಲಿಲ್ಲ.

ಸಂಜೆ ಊಟಕ್ಕೆ ಕುಳಿತಾಗ, ಮೊದಲೇ ಕೇಳಬೇಕಾಗಿದ್ದನ್ನು ಕೊನೆಗೂ ಕೇಳಿದೆ. ನಿನಗೆ ಯಾವ ಹೈಸ್ಕೂಲು ಬೇಕವ್ವಾ, ಬೇಕಾದರೆ ಜತ್ತಕ್ಕೆ ಬದಲಿಸುತ್ತೇನೆ ಎಂದೆ. ಭಾಗ್ಯಶ್ರೀ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ಬ್ಯಾಡ ಅಪ್ಪಾ. ಊರ ಸಾಲ್ಯಾಗ ಇದ್ದಾಗ ಸುಮಾ ನನ್ನ ಜೋಡಿ ಮಾತಾಡ್ತಿದ್ದಿಲ್ಲ, ನಂಬರ್ ಸಲುವಾಗಿ. ಈಗ ಬಸ್ಸಿನ್ಯಾಗ ಆಕಿ ನನಗ ಗಣಿತ ಹೇಳ್ತಾಳ, ನಾ ಆಕಿಗಿ ಇಂಗ್ಲಿಷ್ ಹೇಳ್ತೀನಿ. ಮಾಯವ್ವ ಇಬ್ಬರಿಗೂ ಹೇಳ್ತಾಳ. ಒಂಬತ್ತನೇ ನಂಬರ್ ಬಂದೀನಿ ಖರೆ, ಆದ್ರ ಗುಣ ಮೊದಲಿಗಿಂತ ಹೆಚ್ಚ ಬಂದಾವ. ನೀ ಅದನ್ನ ನೋಡೇ ಇಲ್ಲ."

ನೋಡಿರಲಿಲ್ಲ. ಕೈ ತೊಳೆದು ಬಂದು ಅವಳ ಪ್ರಗತಿ ಪುಸ್ತಕ ತೆಗೆದೆ. ಮಗಳು ಹೇಳಿದ್ದು ನಿಜವಾಗಿತ್ತು. ಗುಣಗಳ ಕೆಳಗೆ ಪಾಲಕರ ಸಹಿ ಎಂಬಲ್ಲಿ ಮಹಾದೇವಿ ಆಗಲೇ ಸಹಿ ಮಾಡಿದ್ದಳು. ಅವಳು ಎಲ್ಲವನ್ನೂ ನೋಡಿದ್ದಳು ಎಂದಾಯಿತು. ನನ್ನ ಓಡಾಟವನ್ನೂ ಸೇರಿಸಿ.

ನಮ್ಮ ಮನೆಯಲ್ಲಿ ಮೂವರು ಇದ್ದೇವೆ. ಆ ಮೂವರಲ್ಲಿ ನನ್ನದು ಎಷ್ಟನೇ ನಂಬರು ಎಂದು ನಾನು ಕೇಳಲು ಹೋಗಲಿಲ್ಲ.