ಹದಿನಾರು ಅಂಗಿಗಳ ತಂಡ

ಸೋಲುವ ವಿದ್ಯೆಯಲ್ಲಿ ನಮ್ಮ ಮಾಮಾನನ್ನು ಮೀರಿಸುವವರು ಇಡೀ ಗೋವೆಯಲ್ಲಿ ಇರಲಿಲ್ಲ. ಐದಾರು ಗೋಲಿನಿಂದ ಯಾರು ಬೇಕಾದರೂ ಸೋಲಬಹುದು, ಅದರಲ್ಲೇನು ಹೆಚ್ಚುಗಾರಿಕೆ? ಮೈದಾನದಲ್ಲಿ ಸುಮ್ಮನೆ ನಿಂತರೆ ಸಾಕು. ಆದರೆ ಗೆದ್ದೇಬಿಟ್ಟೆವು ಎಂದು ನೋಡುವವರೆಲ್ಲ ಕೊಡೆ ಮಡಚಿ, ಚಪ್ಪಲಿ ಮೆಟ್ಟಿ, ಸೀರೆಯ ಧೂಳು ಕೊಡವಿಕೊಂಡು ಎದ್ದು ನಿಂತ ಮೇಲೆ ಒಂದೇ ಒಂದು ಗೋಲಿನಿಂದ ಸೋಲಬೇಕಾದರೆ ಅದಕ್ಕೆ ಪ್ರತಿಭೆ ಬೇಕು. ಆ ಪ್ರತಿಭೆ ಮಾಮಾನಿಗಿತ್ತು, ವರ್ಷ ವರ್ಷವೂ ಬೆಳಗುತ್ತಲೇ ಇತ್ತು.

ಮಾಮಾ ಎಂದರೆ ನನ್ನ ತಾಯಿಯ ತಮ್ಮ. ಬೆಳಗಾವಿಯಿಂದ ಬಂದು ಮ್ಹಾಪಸಾ ಪೇಟೆಯಲ್ಲಿ ಅರಿವೆ ಅಂಗಡಿ ಇಟ್ಟಿದ್ದ. ಎಂಬತ್ತರ ದಶಕದ ಕೊನೆಗೆ ನನಗೆ ಪಣಜಿಯ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಾಗ ಅವನ ಮನೆಯಲ್ಲೇ ಉಳಿದುಕೊಂಡೆ. ವಾರದ ದಿನಗಳಲ್ಲಿ ಬಸ್ಸಿನಲ್ಲಿ ಜೋತಾಡಿಕೊಂಡು ಕಚೇರಿಗೆ ಹೋಗುವುದು, ವರ್ಷಕ್ಕೊಂದು ರವಿವಾರ ಅತ್ತೆಯ ಜೊತೆ ಗದ್ದೆಯ ಬದುವಿನ ಮೇಲೆ ಕೂತು ಮಾಮಾ ಸೋಲುವುದನ್ನು ನೋಡುವುದು, ಇದು ನನ್ನ ಪಾಲಿಗೆ ಬಂದ ಗೋವೆ. ಸಮುದ್ರ ನೋಡಿದೆಯಾ ಎಂದು ಊರಿನವರು ಕೇಳಿದರೆ ಏನು ಹೇಳಲಿ?

ಮಾಮಾನಿಗೂ ಫುಟ್‌ಬಾಲಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಅರಿವೆಯದು. ಅಂಗಡಿಯಲ್ಲಿ ಗಿಣಿಹಸಿರು ಬಣ್ಣದ ಒಂದು ಥಾನು ಬಟ್ಟೆ ಯಾರಿಗೂ ಬೇಡವಾಗಿ ಬಿದ್ದಿತ್ತು. ಲಂಗಕ್ಕೆ ಬೇಡ, ಪರದೆಗೆ ಬೇಡ, ಶುಕ್ರವಾರದ ಸಂತೆಯಲ್ಲಿ ಅರ್ಧ ಬೆಲೆಗೂ ಬೇಡ. ಕೊನೆಗೆ ಮಾಮಾ ಅದನ್ನು ದರ್ಜಿಗೆ ಕೊಟ್ಟು ಆಟದ ಅಂಗಿ ಹೊಲಿ ಎಂದ. ಎಷ್ಟು ಎಂದು ಇವನು ಹೇಳಲಿಲ್ಲ, ಅವನು ಕೇಳಲಿಲ್ಲ. ಇಡೀ ಥಾನು ಕತ್ತರಿಸಿದ ದರ್ಜಿ ಹದಿನಾರು ಅಂಗಿ ತಂದು ಮುಂದಿಟ್ಟ. ಇನ್ನು ಅಂಗಿಯೊಳಗೆ ಮನುಷ್ಯರು ಬೇಕಲ್ಲ? ಮಾಮಾ ಹುಡುಕಿಕೊಂಡು ಹೊರಟ. ಮನೆ ಕಟ್ಟುವ ಗೌಂಡಿಗಳು, ಮಡ್ಕಯಿ ಎಂಬ ಊರಿನ ಕಾರ್ಖಾನೆಗಳಲ್ಲಿ ದುಡಿಯುವವರು, ಬಂದರಿನಲ್ಲಿ ಹೊರೆ ಹೊರುವವರು, ಎಲ್ಲರೂ ನಮ್ಮ ಕಡೆಯವರೇ. ಬೇರೆಯವರು ಆಟಗಾರರನ್ನು ಕಟ್ಟಿಕೊಂಡು ಅಂಗಿ ಹೊಲಿಸುತ್ತಾರೆ. ಮಾಮಾ ಅಂಗಿ ಹೊಲಿಸಿ ಅದಕ್ಕೆ ಹೊಂದುವ ಎದೆಗಳನ್ನು ಹುಡುಕಿದ.

ಸುಗ್ಗಿ ಮುಗಿದ ಮೇಲೆ, ಕೊಯ್ದ ಗದ್ದೆಯಲ್ಲಿ ಹತ್ತಿರದ ಹಳ್ಳಿಯವರು ಪಂದ್ಯಗಳನ್ನು ಏರ್ಪಡಿಸುತ್ತಿದ್ದರು. ಆಟ ರವಿವಾರ ಮಾತ್ರ. ಸೋತವರು ಆವತ್ತೇ ಮನೆಗೆ, ಗೆದ್ದವರು ಮುಂದಿನ ರವಿವಾರ ಮತ್ತೆ ಆಡಬೇಕು. ಮಾಮಾನ ತಂಡ ಎರಡನೆಯ ರವಿವಾರದ ಮುಖ ಕಂಡಿರಲಿಲ್ಲ. ಅವನ ಆಸೆ ಇದ್ದದ್ದು ಅದೊಂದೇ.

"ಕಪ್ ಬ್ಯಾಡವಾ ನನಗ," ಎನ್ನುತ್ತಿದ್ದ. "ಇಷ್ಟ್ ವರ್ಷ ಆತು ಈ ಊರಿಗೆ ಬಂದು. ಬಂದ್ರಿ, ಆಡಿದ್ರಿ, ಹೋಗ್ರಿ ಅಂತಾರ. ಒಮ್ಮೆರೆ ಮುಂದಿನ ರವಿವಾರ ಬರ್ರಿ ಅಂತ ಅನ್ನಿಸ್ಕೋಬೇಕು."

ಇಷ್ಟು ಸಣ್ಣ ಆಸೆ ಈಡೇರುವುದು ಕಷ್ಟವೇ? ಮಾಮಾನಂಥವನು ಜೊತೆಗಿದ್ದರೆ ಕಷ್ಟವೇ.

ನಾನು ನೋಡಿದ ಮೊದಲ ಪಂದ್ಯದ ಕಥೆ ಕೇಳಿ. ನಮ್ಮವರು ಬಂದರಿನ ಬಲದಿಂದ ಒದ್ದ ಚೆಂಡು ಹೇಗೋ ಒಳಗೆ ಹೋಯಿತು. ವ್ಯಾಪಾರಸ್ಥನಿಗೆ ದಿನದ ಮೊದಲ ಬೋಣಿ ಎಂದರೆ ಸಾಮಾನ್ಯವೇ? ಮಾಮಾ ಧಾರವಾಡದ ಪೇಢೆಯ ಡಬ್ಬಿ ಹಿಡಿದು ಮೈದಾನದೊಳಗೇ ನುಗ್ಗಿದ. ನಮ್ಮವರಿಗೆ ಕೊಟ್ಟ, ಎದುರಿನವರಿಗೆ ಕೊಟ್ಟ, ಸೀಟಿ ಊದಿ ಊದಿ ಅವನನ್ನು ಹೊರಗಟ್ಟಲು ಬಂದ ರೆಫರಿಯ ಕೈಗೂ ಒಂದಿಟ್ಟ. ಕೊನೆಗೆ ನಮ್ಮ ಗೋಲ್‌ಕೀಪರನಿಗೆ ಕೊಟ್ಟು ಹೊರಬಂದ. ಆಟ ಶುರುವಾದ ಕೂಡಲೇ ಚೆಂಡು ನಮ್ಮ ಗೋಲಿನತ್ತ ಉರುಳುತ್ತ ಬಂತು. ಅವಸರವೇನೂ ಇರಲಿಲ್ಲ ಅದಕ್ಕೆ. ಗೋಲ್‌ಕೀಪರ್ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ದಾರಿ ಬಿಟ್ಟು ನಿಂತ.

"ಯಾಕೋ, ಹಿಡೀಲಿಲ್ಲ?" ಎಂದು ಮಾಮಾ ಆಮೇಲೆ ಕೇಳಿದ.

"ಪೇಢೇ ತಿಂದಿದ್ನಲ್ರಿ, ಕೈ ಎಂಜಲಾಗಿತ್ತು. ಎಂಜಲ ಕೈಲೆ ಎಲ್ಲಾರೂ ಆಡೋ ಚೆಂಡ ಹೆಂಗ ಮುಟ್ಲಿ?"

ಬೇರೆ ಯಾವ ಯಜಮಾನನಾದರೂ ಅವನನ್ನು ಅಲ್ಲೇ ಹೂಳುತ್ತಿದ್ದ. ಮಾಮಾ ಸ್ವಲ್ಪ ಯೋಚಿಸಿ, "ಅದೂ ಖರೇನ," ಎಂದ. ಮರುವರ್ಷ ಗೋಲಿನ ಕಂಬದ ಪಕ್ಕದಲ್ಲಿ ಒಂದು ತಂಬಿಗೆ ನೀರು ಇಡಿಸಿದ. ಆ ವರ್ಷದ ಗೋಲು ಬಿದ್ದದ್ದು ಗೋಲ್‌ಕೀಪರ್ ಕೈ ತೊಳೆಯುತ್ತಿದ್ದಾಗ.

ಮನೆಗೆ ಬಂದರೆ, ಕಣ್ಣಾರೆ ನೋಡಿ ಬಂದಿದ್ದರೂ, ಅತ್ತೆಯ ವಿಚಾರಣೆ. "ಸೋತ್ರೇನ್ರಿ?"

"ಸೋತಿಲ್ಲ. ಸ್ವಲ್ಪದಾಗ ಹೋತು."

"ಹಂಗಾರ ಅನ್ನಾನೂ ಹೊತ್ತಿಲ್ಲ, ಸ್ವಲ್ಪದಾಗ ಹೋಗೇತಿ. ಉಣ್ಣ ಬರ್ರಿ."

ಮಾಮಾ ಹೊತ್ತಿದ ಅನ್ನವನ್ನು ಚಪ್ಪರಿಸಿ ಉಂಡು, ಸೋಲಿಗೆ ಕಾರಣ ಹೇಳುತ್ತಿದ್ದ. ಒಂದು ವರ್ಷ ಗಾಳಿ, ಒಂದು ವರ್ಷ ಬಿಸಿಲು, ಒಂದು ವರ್ಷ ಗದ್ದೆಯೊಳಗೆ ಬಂದ ಎಮ್ಮೆ. ಎಮ್ಮೆ ಎರಡೂ ಕಡೆಯವರಿಗೆ ಅಡ್ಡ ಬಂದಿತ್ತಲ್ಲ ಎಂದು ನಾನು ಕೇಳಿದರೆ, ಅದು ಆ ಊರಿನ ಎಮ್ಮೆ ಎನ್ನುತ್ತಿದ್ದ. ಮರುದಿನ ಅಂಗಡಿಗೆ ಬಂದ ಗಿರಾಕಿಗಳಿಗೂ ಇದೇ ಕಥೆ. ಬ್ಲೌಸ್ ಪೀಸ್ ಕೇಳಲು ಬಂದವರು ಎಮ್ಮೆಯ ವಿಷಯ ಪೂರ್ತಿ ಕೇಳಿಯೇ ಹೋಗಬೇಕು.

ಮತ್ತೊಂದು ವರ್ಷ ಮಾಮಾ ಯುದ್ಧತಂತ್ರ ಹೂಡಿದ. ಒಂದು ಗೋಲು ಮುಂದಿರುವಾಗ ಬದುವಿನಿಂದ "ಗ್ವಾಡಿ ಕಟ್ರಿ, ಗ್ವಾಡಿ ಕಟ್ರಿ" ಎಂದು ಕೂಗಿದ. ತಂಡದಲ್ಲಿ ಅರ್ಧ ಗೌಂಡಿಗಳೇ, ಹೇಳಿಕೊಡಬೇಕೇ? ಹತ್ತೂ ಮಂದಿ ಹೆಗಲಿಗೆ ಹೆಗಲು ಹಚ್ಚಿ ಗೋಲಿನ ಮುಂದೆ ಗೋಡೆಯಾಗಿ ನಿಂತರು. ಗೋಡೆ ಎಷ್ಟು ಚೆನ್ನಾಗಿತ್ತೆಂದರೆ ಅದರ ಹಿಂದಿದ್ದ ಗೋಲ್‌ಕೀಪರನಿಗೆ ಮೈದಾನವೇ ಕಾಣುತ್ತಿರಲಿಲ್ಲ. ಚೆಂಡು ಒಬ್ಬನ ಮೊಣಕಾಲಿಗೆ ಬಡಿದು ಹಿಂದಕ್ಕೆ ಜಾರಿ ಒಳಗೆ ಹೋಯಿತು. ಆಟ ಇನ್ನೂ ನಡೆದಿದೆ ಎಂದುಕೊಂಡು ಗೋಲ್‌ಕೀಪರ್ ಬಹಳ ಹೊತ್ತು ಬಾಗಿ ನಿಂತೇ ಇದ್ದ.

ಆದರೆ ಪೇಢೆ, ಗೋಡೆ, ಎಮ್ಮೆ ಇವೆಲ್ಲ ಮೇಲಿನ ಕಾರಣಗಳು. ಅವುಗಳಿಂದ ಪಂದ್ಯ ಸಮವಾಗುತ್ತಿತ್ತು ಅಷ್ಟೆ, ಸೋಲು ಬರುತ್ತಿದ್ದದ್ದು ಆಮೇಲೆ. ಪ್ರತಿ ವರ್ಷವೂ ಆಟ ಮುಗಿಯುವುದಕ್ಕೆ ಸ್ವಲ್ಪ ಮುಂಚೆ ಮಾಮಾ ಎದ್ದು, ಚೆನ್ನಾಗಿ ಆಡುತ್ತಿದ್ದ ಐವರನ್ನು ಹೊರಗೆ ಕರೆದು, ಹದಿನಾರು ಅಂಗಿಗಳಲ್ಲಿ ಮಿಕ್ಕಿ ಹೊರಗೆ ಕೂತಿದ್ದ ಐವರನ್ನು ಒಳಗೆ ಕಳಿಸುತ್ತಿದ್ದ. ಹಳ್ಳಿಯ ಪಂದ್ಯ, ಎಷ್ಟು ಜನರನ್ನು ಬದಲಿಸಿದರೂ ಕೇಳುವವರಿಲ್ಲ. ಆ ಐವರೋ! ಒಬ್ಬನಿಗೆ ದೂರದ್ದು ಕಾಣದು, ಒಬ್ಬನಿಗೆ ಹತ್ತಿರದ್ದು. ಕೊನೆಯವನು ಯಮನಪ್ಪ. ಬಿಜಾಪುರದ ಕಡೆಯವನು, ಮಡ್ಕಯಿಯಲ್ಲಿ ಮೂಟೆ ಹೊರುತ್ತಿದ್ದ, ನಲವತ್ತು ದಾಟಿದವನು. ಚೆಂಡು ಎಲ್ಲಿಂದ ಹೊರಟಿತೋ ಆ ಜಾಗಕ್ಕೆ ಓಡಿ ತಲುಪಿ, ಅಲ್ಲಿ ಅದಿಲ್ಲದ್ದನ್ನು ಕಂಡು ನಗುವುದು ಅವನ ಆಟ.

ಒಂದು ಸಂಜೆ ಅಂಗಡಿಯಲ್ಲಿ ಮಾಮಾನಿಗೆ ಇದನ್ನು ಹೇಳಿಯೇ ಬಿಟ್ಟೆ. "ಮಾಮಾ, ಆ ಐದ್ ಮಂದೀನ ಒಳಗ ಬಿಡೋದಕ್ಕನ ನಾವು ಸೋಲೋದು."

ಅವನು ಸೀರೆ ಮಡಚುವುದನ್ನು ನಿಲ್ಲಿಸಲಿಲ್ಲ. "ಗೊತ್ತೈತವಾ."

"ಗೊತ್ತಿದ್ದೂ?"

"ಅಂಗಿ ಕೊಟ್ಟೇನಿ. ವಾರೆಲ್ಲಾ ದುಡದು, ಇದ್ದೊಂದ್ ಸೂಟಿ ಬಿಟ್ಟು, ಬಸ್ ಹತ್ತಿ ಬರ್ತಾರ. ಪಂಕ್ತ್ಯಾಗ ಎಲಿ ಹಾಕಿ ಕುಂಡ್ರಿಸಿ, ಬಡಸದನ ಎಬ್ಬಸ್ತಾರೇನು?"

"ಹಂಗಾರ ಎರಡನೇ ರವಿವಾರ?"

"ಒಂದ್ ವರ್ಷ ಆ ಐದೂ ಮಂದಿ ತಡದ ಹಿಡೀತಾರ ನೋಡು," ಎಂದ. ಅವನು ಅದನ್ನು ನಂಬಿದ್ದ. ಇಂಥವನ ಜೊತೆ ಏನು ವಾದ ಮಾಡುತ್ತೀರಿ?

ತೊಂಬತ್ತರ ದಶಕ ಶುರುವಾಗಿತ್ತು. ಆ ವರ್ಷ ನಮ್ಮವರು ಎಂದಿಲ್ಲದ ಹಾಗೆ ಆಡಿದರು. ಒಂದು ಗೋಲು ಮುಂದಿದ್ದೆವು, ಪೇಢೆಯ ಡಬ್ಬಿಯನ್ನು ಅತ್ತೆ ತನ್ನ ಸೆರಗಿನ ಕೆಳಗೆ ಬಚ್ಚಿಟ್ಟಿದ್ದಳು. ಆಟ ಮುಗಿಯುತ್ತ ಬಂತು. ಹೊರಗಿದ್ದ ಐವರು ರೂಢಿಯ ಪ್ರಕಾರ ಎದ್ದು ಬೂಟಿನ ದಾರ ಬಿಗಿದುಕೊಂಡರು. ಆಗ ಗೋಲ್‌ಕೀಪರ್ ಗೋಲನ್ನೇ ಬಿಟ್ಟು ಮಾಮಾನ ಹತ್ತಿರ ಓಡಿ ಬಂದ.

"ಸಾವ್ಕಾರ್ರ, ಇವತ್ತೊಂದಿನ ಬ್ಯಾಡ್ರಿ. ನಿಮಗ ಕೈ ಮುಗೀತೇನಿ."

ಮಾಮಾ ಐವರ ಕಡೆ ನೋಡಿದ. ಮೊದಲು ಕೂತವನು ಯಮನಪ್ಪನೇ. "ಹೌದ್ರಿ, ಅವರ ಆಡ್ಲಿ. ಗೆಲ್ಲೂಣು ಒಮ್ಮೆ," ಎಂದ. ಉಳಿದವರೂ ಕೂತರು. ಮಾಮಾ ಅತ್ತೆಯ ಕಡೆ ನೋಡಿದ, ಅವಳು ನೆಲ ನೋಡಿದಳು. ಅವನೂ ಕೂತ.

ಗೆದ್ದೆವು. ಗೌಂಡಿಗಳು ಮಾಮಾನನ್ನು ಇಟ್ಟಿಗೆಯಂತೆ ಕೈಯಿಂದ ಕೈಗೆ ದಾಟಿಸಿದರು. ಪಂದ್ಯ ನಡೆಸುವ ಊರಿನ ಹಿರಿಯರು ಬಂದು ಬೆನ್ನು ತಟ್ಟಿ, "ಫುಡ್ಲ್ಯಾ ಆಯ್ತಾರಾ ಯೆಯಾತ್," ಎಂದು ಕೊಂಕಣಿಯಲ್ಲಿ ಮುಂದಿನ ರವಿವಾರಕ್ಕೆ ಕರೆದರು. ಮಾಮಾ ಆ ಮಾತನ್ನು ಅವರಿಂದ ಎರಡು ಸಲ ಹೇಳಿಸಿಕೊಂಡ.

ಗಲಾಟೆ ತಣ್ಣಗಾದಾಗ ಒಬ್ಬ ಹೆಂಗಸು ಬದುವಿನ ಮೇಲೆ ನಮ್ಮ ಹತ್ತಿರ ಬಂದಳು. ಯಮನಪ್ಪನ ಹೆಂಡತಿ. ಊರಲ್ಲಿ ಅತ್ತೆ ಮಾವಂದಿರ ಜೊತೆ ಇರುವವಳು, ಗಂಡ ಆಡುವುದನ್ನು ನೋಡಲೆಂದು ಮೊದಲ ಸಲ ಬಂದಿದ್ದಳು. ಪಂದ್ಯ ಮುಗಿದ ಮೇಲೆ ಅಂಗಿಯನ್ನು ಒಯ್ದು ಒಗೆದು ಕೊಡುವುದು ಆಡಿದವರ ಮನೆಯ ಕೆಲಸ. ಅವಳು ಅಂಗಿಯನ್ನು ನೀಟಾಗಿ ಮಡಚಿ ಅಲ್ಲೇ ಮಾಮಾನ ಕೈಗೆ ಕೊಟ್ಟಳು.

"ಮಾಸಿಲ್ರಿ ಇದು. ಒಗ್ಯೋದೇನ್ ಬ್ಯಾಡ, ಹಂಗ ಇಟ್ಕೊಳ್ರಿ," ಎಂದಳು.

ಅವಳ ಮಾತಿನಲ್ಲಿ ದೂರು ಇರಲಿಲ್ಲ, ಒಂದು ಕೆಲಸ ಉಳಿಯಿತು ಎಂಬ ಸಮಾಧಾನವಷ್ಟೇ. ಆದರೆ ಮಾಮಾನ ಮುಖದಲ್ಲಿದ್ದ ಗೆಲುವು ಇಳಿದುಹೋಯಿತು. ದಾರಿಯುದ್ದಕ್ಕೂ ಆ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದ. ಊಟಕ್ಕೆ ಕೂತಾಗಲೂ ಅದನ್ನು ಪಕ್ಕದಲ್ಲೇ ಇಟ್ಟುಕೊಂಡ.

"ಗೆದ್ದ ಬಂದೀರಿ, ಮಾರಿ ಯಾಕ ಹಿಂಗ ಮಾಡೀರಿ?" ಎಂದಳು ಅತ್ತೆ.

"ಆಕಿ ಬಿಜಾಪುರದಿಂದ ಬಂದಿದ್ಲು," ಎಂದ ಮಾಮಾ. ಆವತ್ತು ಅನ್ನ ಹೊತ್ತಿರಲಿಲ್ಲ, ಆದರೂ ಅವನಿಗೆ ಸೇರಲಿಲ್ಲ.

ಅಂತೂ ಎರಡನೆಯ ರವಿವಾರ ಬಂತು. ಮೈದಾನಕ್ಕೆ ಮೊದಲು ಇಳಿದವರನ್ನು ನೋಡಿ ಗೋಲ್‌ಕೀಪರ್ ಮತ್ತೆ ಮಾಮಾನ ಹತ್ತಿರ ಓಡಿ ಬಂದ. ಹೊರಗೆ ಕೂರುವ ಐವರೇ!

"ಸಾವ್ಕಾರ್ರ, ಎರಡನೇ ರವಿವಾರ ರೀ ಇದು."

"ಅದಕ್ಕನ," ಎಂದ ಮಾಮಾ.

ಏನು ಹೇಳಲಿ? ಸ್ವಲ್ಪದರಲ್ಲಿ ಹೋಗುವ ಪ್ರಶ್ನೆಯೇ ಇರಲಿಲ್ಲ, ಪೂರ್ತಿಯಾಗಿಯೇ ಹೋಯಿತು. ಗೋಲುಗಳು ಒಂದರ ಹಿಂದೊಂದು ಬಿದ್ದವು, ನಮ್ಮ ಗೋಲ್‌ಕೀಪರನಿಗೆ ಬಗ್ಗಿ ಬಗ್ಗಿ ಸೊಂಟ ಹಿಡಿಯಿತು. ಮಧ್ಯದಲ್ಲಿ ಬೇರೆಯವರನ್ನು ಬದಲಿಸಿದರೂ ಯಮನಪ್ಪನನ್ನು ಮಾತ್ರ ಮಾಮಾ ಹೊರಗೆ ಕರೆಯಲಿಲ್ಲ. ಅವನು ಓಡಿದ, ಬಿದ್ದ, ಎದ್ದು ಮತ್ತೆ ಓಡಿದ. ಒಂದು ಸಲ ಚೆಂಡು ಅವನಿದ್ದಲ್ಲಿಗೇ ಬಂತು. ಎದೆಕೊಟ್ಟು ತಡೆದು ನಿಲ್ಲಿಸಿಯೇ ಬಿಟ್ಟ. ಬದುವಿನ ಮೇಲೆ, ಊರಿಗೆ ಹೋಗದೆ ಉಳಿದಿದ್ದ ಅವನ ಹೆಂಡತಿ ಎದ್ದು ನಿಂತಳು, ಸುತ್ತಲಿನವರು ನೋಡಿದರೆಂದು ಬಾಯಿಗೆ ಸೆರಗು ಹಿಡಿದು ಮತ್ತೆ ಕೂತಳು.

ಕೊನೆಯ ಸೀಟಿ ಊದಿದಾಗ ಯಮನಪ್ಪ ಕಾಲಿನ ನರ ಹಿಡಿದು ಮೈದಾನದ ನಡುವೆ ಕುಸಿದ. ಮಾಮಾ ಬಿಳಿ ಧೋತರ ಎತ್ತಿ ಕಟ್ಟಿ ಓಡಿ ಹೋಗಿ, ಮಣ್ಣಿನಲ್ಲಿ ಕೂತು, ಅವನ ಕಾಲನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡು ತಿಕ್ಕತೊಡಗಿದ. ನಾವೂ ಹಿಂದೆಯೇ ಓಡಿದೆವು.

"ಕಾಲ್ ಬಿಡ್ರಿ ಸಾವ್ಕಾರ್ರ. ಮಂದಿ ನೋಡಾಕತ್ತಾರ."

"ನೋಡ್ಲಿ. ನೀ ಕಾಲ್ ಸಡ್ಲ ಬಿಡು."

"ನನ್ನಿಂದ ಸೋತ್ವಿ ರೀ," ಎಂದ ಯಮನಪ್ಪ. "ಹ್ವಾದ ವಾರ ಗೆದ್ದಿದ್ವಿ."

ಮಾಮಾ ತಲೆ ಎತ್ತಲಿಲ್ಲ. "ಹ್ವಾದ ವಾರ ನೀ ಎಲ್ಲಿದ್ಯೋ, ಮಾರಾಯಾ?"

ಗೆದ್ದ ತಂಡದ ನಾಯಕ ಕೈಕುಲುಕಲು ಬಂದು ನಿಂತಿದ್ದ. ಮಾಮಾನ ಎರಡೂ ಕೈ ಆ ಕಾಲಿನ ಮೇಲಿದ್ದವು. ಹುಡುಗ ಚಾಚಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಅವನೂ ಮಂಡಿಯೂರಿ ಕೂತು ಯಮನಪ್ಪನ ಇನ್ನೊಂದು ಕಾಲು ಹಿಡಿದ.

ಆಟ ನೋಡಲು ಬಂದಿದ್ದ ಆ ಊರಿನ ಮುದುಕಿಯೊಬ್ಬಳು ನನ್ನ ತೋಳು ಮುಟ್ಟಿ, ಧೋತರದವರು ಯಾರು ಎಂದು ಕೊಂಕಣಿಯಲ್ಲಿ ಕೇಳಿದಳು. ನಮ್ಮ ಮಾಮಾ ಎಂದೆ.