ಎರಡು ಕಂಬಳಿಯ ಡ್ರ್ಯಾಗನ್

ಡ್ರ್ಯಾಗನ್ ಎಂಬ ಪ್ರಾಣಿಯನ್ನು ನಾನು ಕಂಡಿಲ್ಲ. ಆದರೂ ಅದನ್ನು ತಯಾರಿಸುವುದು ನನ್ನಂಥವನಿಗೆ ದೊಡ್ಡ ಕೆಲಸವಲ್ಲ ಎಂದು ಗಟ್ಟಿಯಾಗಿ ನಂಬಿದ್ದೆ. ಇಪ್ಪತ್ತು ವರ್ಷದಿಂದ ಹಿಟ್ಟಿನ ಗಿರಣಿ ನಡೆಸಿದವನು ನಾನು. ಕೆಟ್ಟು ನಿಂತ ಮೋಟಾರು ನನ್ನ ಕೈ ತಾಗಿದರೆ ಸಾಕು, ತಿರುಗುತ್ತದೆ. ಕೆಲವೊಮ್ಮೆ ಉಲ್ಟಾ ತಿರುಗುತ್ತದೆ, ಅದು ಬೇರೆ ಮಾತು!

ಅಂಕಲಗಿ ಹತ್ತಿರದ ನಮ್ಮ ಹಳ್ಳಿಯ ಶಾಲೆಯಲ್ಲಿ ಗ್ಯಾದರಿಂಗು, ಅಂದರೆ ವಾರ್ಷಿಕೋತ್ಸವ, ಇತ್ತು. ಅದರಲ್ಲಿ ನಾಲ್ಕನೆಯ ತರಗತಿಯ ಮಕ್ಕಳದೊಂದು ನಾಟಕ. ರಾಜ್ಯಕ್ಕೆ ಡ್ರ್ಯಾಗನ್ ಬರುತ್ತದೆ. ರಾಜ ಮಂಚದ ಕೆಳಗೆ ಸೇರಿಕೊಳ್ಳುತ್ತಾನೆ, ಸೈನಿಕರು ಓಡಿಹೋಗುತ್ತಾರೆ. ಕೊನೆಗೆ ಕುರಿ ಕಾಯುವ ಪುಟ್ಟ ಹುಡುಗಿಯೊಬ್ಬಳು ಬಂದು, "ಏ ಡ್ರ್ಯಾಗನ್, ನಮ್ಮೂರ ಬಿಟ್ಟ ನಡಿ!" ಎಂದು ಗದರಿ, ಬಡಿಗೆಯಿಂದ ಮೂರು ಏಟು ಹೊಡೆದು ಅದನ್ನು ಕೆಡವುತ್ತಾಳೆ.

ಆ ಪಾತ್ರ ನನ್ನ ಮಗಳು ಸವಿತಾಳಿಗೆ ಸಿಕ್ಕಿತ್ತು. ಹಾಜರಿ ಕೂಗಿದರೆ "ಎಸ್ ಸರ್" ಅನ್ನಲೂ ಅಂಜುವ ಹುಡುಗಿ ಅವಳು. ಒಂದು ತಿಂಗಳು ಆ ಒಂದೇ ಮಾತನ್ನು ಎಮ್ಮೆಯ ಮುಂದೆ, ಕನ್ನಡಿಯ ಮುಂದೆ ಹೇಳಿ ಹೇಳಿ ಕಲಿತಿದ್ದಳು. "ಅಪ್ಪಾ, ಅಷ್ಟ ಮಂದಿ ಮುಂದ ನನಗ ಹೇಳಾಕ ಬರತೈತೇನ?" ಎಂದು ದಿನಾ ರಾತ್ರಿ ಕೇಳುತ್ತಿದ್ದಳು. ಅವಳು ಊರ ಮುಂದೆ ಒಮ್ಮೆ ಬಾಯಿ ಬಿಡಲಿ ಎನ್ನುವುದೊಂದೇ ನನ್ನ ಆಸೆಯಾಗಿತ್ತು.

ಆದರೆ ಡ್ರ್ಯಾಗನ್ ವೇಷವೇ ಸಿಗಲಿಲ್ಲ. ಮಾಸ್ತರರು ಗೋಕಾಕದಲ್ಲಿ ವಿಚಾರಿಸಿದರು, ಹುಲಿ ಇತ್ತು, ಕರಡಿ ಇತ್ತು. ಮೂಡಲಗಿಯಲ್ಲಿ ಒಂದು ಮೊಸಳೆ ಇತ್ತಂತೆ, ಅದಕ್ಕೆ ಬಾಲವಿರಲಿಲ್ಲ. ಮಾಸ್ತರರು ತಲೆಯ ಮೇಲೆ ಕೈಹೊತ್ತು ಕುಳಿತರು. ನಾನು ಎದೆ ತಟ್ಟಿಕೊಂಡೆ.

"ಮಾಸ್ತರ, ವೇಷಾನೂ ನಾನ ಮಾಡತೇನಿ, ಒಳಗ ಡ್ರ್ಯಾಗನ್ನೂ ನಾನ ಆಗತೇನಿ. ನೀವು ಬೇಫಿಕೀರ ಇರ್ರಿ!"

ಮನೆಯ ಎರಡು ಕರಿ ಕಂಬಳಿಗಳನ್ನು ಕೂಡಿಸಿ ಹೊಲಿದೆ, ಮೈ ಆಯಿತು. ಗಿರಣಿಯ ಮೋಟಾರಿನ ಹಳೆಯ ರಬ್ಬರ್ ಪಟ್ಟಾ ಬಾಲವಾಯಿತು. ಗಿರಣಿಯಲ್ಲೇ ಬಿದ್ದಿದ್ದ ದೊಡ್ಡ ಬುಟ್ಟಿ ತಲೆಯಾಯಿತು. ಉಳಿದದ್ದು ಬೆಂಕಿ. ನಿಜವಾದ ಬೆಂಕಿ ಎಂದೊಡನೆ ಮಾಸ್ತರರು ಎರಡೂ ಕೈ ಮುಗಿದರು. ಹಾಗಾಗಿ ನಾನು ವೈಜ್ಞಾನಿಕವಾಗಿ ಯೋಚಿಸಿದೆ. ಬೆಂಕಿ ಹಳದಿ. ಅರಿಶಿನ ಹಳದಿ. ನನ್ನ ಗಿರಣಿಯಲ್ಲಿ ಅರಿಶಿನಕ್ಕೇನು ಬರ! ಕಮ್ಮಾರರ ಮನೆಯಿಂದ ಗಾಳಿ ಊದುವ ಕೈಯಂತ್ರ ತಂದು ಬುಟ್ಟಿಯೊಳಗೆ ಕಟ್ಟಿದೆ. ಹಿಡಿಕೆ ತಿರುಗಿಸಿದರೆ ಬಾಯಿಂದ ಹಳದಿ ಪುಡಿ ಭರ್ರನೆ ಹೊರಬರುತ್ತಿತ್ತು. ನನ್ನ ಬುದ್ಧಿಗೆ ನಾನೇ ಬೆರಗಾದೆ.

ನನ್ನ ಹೆಂಡತಿ ಕಸ್ತೂರಿ ಮಾತ್ರ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದಳು.

"ಏನ್ರಿ, ಕಂಬಳಿ ಹೊತ್ಕೊಂಡು ಅರಿಷಿಣ ಉಗಳೋ ಪ್ರಾಣಿ ಯಾವ ದೇಶದಾಗ ಐತ್ರಿ? ಅತ್ತೀನರ ಒಂದ ಮಾತ ಕೇಳ್ರಿ."

"ಅವ್ವಗ ಡ್ರ್ಯಾಗನ್ ಬಗ್ಗೆ ಏನ ಗೊತ್ತೈತಿ? ನೀ ಸುಮ್ನ ಸೂಜಿಗೆ ದಾರ ಪೋಣಸ!"

ಅಷ್ಟಕ್ಕೇ ಬಿಟ್ಟೆನೇ? ಡ್ರ್ಯಾಗನ್ ಬರುವಾಗ ಗುಡುಗಿನ ಸದ್ದು ಬೇಕೆಂದು ನನ್ನ ಚಿಗವ್ವನ ಮಗ ಸಿದ್ದಪ್ಪನ ಡೊಳ್ಳಿನ ಮೇಳವನ್ನೂ ಹೇಳಿಟ್ಟೆ. ಮಾಡಿದರೆ ಹಬ್ಬವನ್ನೇ ಮಾಡಬೇಕು!

ಗ್ಯಾದರಿಂಗಿನ ದಿನ ಮಧ್ಯಾಹ್ನ ಶಾಲೆಯ ಅಂಗಳ ತುಂಬಿತ್ತು. ರಾಜ ಮಂಚದ ಕೆಳಗೆ ಸೇರಿದ. ಸೈನಿಕರು ಓಡಿದರು. ಡೊಳ್ಳು ಗುಡುಗಿತು. ನಾನು ಕಂಬಳಿಯೊಳಗಿಂದ ಬಾಲ ಎಳೆಯುತ್ತ ವೇದಿಕೆಗೆ ಬಂದು, ಮೈಯೆಲ್ಲಾ ಬಲ ಹಾಕಿ ಹಿಡಿಕೆ ತಿರುಗಿಸಿದೆ. ಅರಿಶಿನ ಮುಗಿಲೆತ್ತರ ಹಾರಿತು!

ಮುಂದಿನ ಸಾಲಿನಿಂದ ಒಬ್ಬ ಮುದುಕ ಎದ್ದು ನಿಂತು ಕೂಗಿದ. "ಚಾಂಗಭಲೋ!"

ಇಡೀ ಅಂಗಳ "ಚಾಂಗಭಲೋ!" ಎಂದು ದೇವರಿಗೆ ಜೈಕಾರ ಹಾಕಿತು.

ನನ್ನ ತಪ್ಪು ನನಗೆ ಆಗ ಹೊಳೆಯಿತು. ನಮ್ಮದು ಕುರುಬರ ಊರು. ಕಂಬಳಿ ಎಂದರೆ ನಮ್ಮ ದೇವರ ಗದ್ದುಗೆ. ಹಾರಿಸಿದ ಅರಿಶಿನ ಎಂದರೆ ಜಾತ್ರೆಯಲ್ಲಿ ದೇವರಿಗೆ ತೂರುವ ಭಂಡಾರ. ಜೊತೆಗೆ ಡೊಳ್ಳು ಬೇರೆ! ಹುಟ್ಟಿದಾಗಿನಿಂದ ಕಂಡದ್ದನ್ನು ಮರೆತು, ನಾನು ಡ್ರ್ಯಾಗನ್ ಎಂದು ತಿಳಿದು ಸಾಕ್ಷಾತ್ ದೇವರನ್ನೇ ಹೊಲಿದಿದ್ದೆ!

ಅದೇ ಹೊತ್ತಿಗೆ ಬುಟ್ಟಿ ತನ್ನ ಗುಣ ತೋರಿಸಿತು. ಅದು ಗಿರಣಿಯಲ್ಲಿ ಖಾರದ ಪುಡಿ ತುಂಬಿಡುತ್ತಿದ್ದ ಬುಟ್ಟಿ. ನಾನು ಸೀನತೊಡಗಿದೆ. ಒಂದು, ಎರಡು, ಹತ್ತು! ಕಂಬಳಿ ಗಡಗಡ ನಡುಗಿತು.

"ಮೈಯಾಗ ದೇವ್ರ ಬಂದಾನೋ!" ಎಂದು ಸಿದ್ದಪ್ಪ ಡೊಳ್ಳನ್ನು ಇನ್ನೂ ಜೋರಾಗಿ ಬಾರಿಸಿದ. ಅವನಾದರೂ ನನ್ನ ಗುರುತು ಹಿಡಿಯಬೇಡವೇ? ಬೇಡ, ಸುಮ್ಮನಿರಿ ಎಂದು ನಾನು ಎರಡೂ ಕೈ ಬೀಸಿದೆ. ಆಶೀರ್ವಾದ ಸಿಕ್ಕಿತೆಂದು ಜನ ವೇದಿಕೆಗೇ ಹತ್ತಿ ಅಡ್ಡ ಬಿದ್ದರು. ಎಲ್ಲರಿಗಿಂತ ಮುಂದೆ, ಒಳಗಿರುವುದು ನಾನೆಂದು ತಿಳಿಯದ ನನ್ನ ಹೆತ್ತ ತಾಯಿ! ಸೆರಗು ಒಡ್ಡಿ ಕಣ್ಣೀರು ಹಾಕಿದಳು.

"ನನ್ನ ಮಗಗ ಒಂದೀಟ ಬುದ್ಧಿ ಕೊಡೋ ನನ್ನಪ್ಪಾ!"

ಆ ವರ ಕೊಡುವ ಶಕ್ತಿ ನನ್ನಲ್ಲಿರಲಿಲ್ಲ.

ಬುಟ್ಟಿಯ ಕಿಂಡಿಯಿಂದ ನೋಡಿದೆ. ಸವಿತಾ ಬಡಿಗೆ ಹಿಡಿದು ಬಂದಿದ್ದಳು. ಅವಳು ಅದನ್ನು ಎತ್ತುವಷ್ಟರಲ್ಲಿ ಅವ್ವ ಗಪ್ಪನೆ ಹಿಡಿದುಕೊಂಡಳು. "ದೇವರ ಮ್ಯಾಲ ಬಡಿಗಿ ಎತ್ತತೀಯೇನ? ಕೈ ಮುಗಿ ಮೊದಲ!"

ಸವಿತಾಳ ಬಾಯಿ ತೆರೆಯಿತು, ಮಾತು ಬರಲಿಲ್ಲ. ಒಂದು ತಿಂಗಳು ಕಲಿತ ಮಾತನ್ನು ನಾನೇ ನುಂಗಿ ಹಾಕಿದ್ದೆ. ಯಾರೂ ಹೊಡೆಯದಿದ್ದರೂ ಸರಿ, ನಾನಾಗಿಯೇ ಸತ್ತು ನಾಟಕ ಮುಗಿಸೋಣ ಎಂದು ದೊಪ್ಪನೆ ಬಿದ್ದೆ.

"ದೇವ್ರ ದಣದಾನ, ನೀರ ತರ್ರಿ!" ಎಂದು ಯಾರೋ ಕೂಗಿದರು.

ಮೂರು ಕೊಡ ನೀರು ನನ್ನ ಮೇಲೆ ಬಿತ್ತು. ನೀರು ಕುಡಿದ ಎರಡು ಕಂಬಳಿಗಳ ಭಾರ ಏನೆಂದು ಹೊತ್ತವನಿಗೇ ಗೊತ್ತು. ಕೈಕಾಲು ಆಡಲಿಲ್ಲ, ಉಸಿರು ಕಟ್ಟಿತು. "ಸವೀ" ಎಂದು ಕ್ಷೀಣವಾಗಿ ಕರೆದು ಮತ್ತೆ ಸೀನಿದೆ.

ಸವಿತಾ ಜನರ ನಡುವೆ ನುಗ್ಗಿ ಬಂದು ಬುಟ್ಟಿಯನ್ನು ಕಿತ್ತೆಸೆದಳು. ಹಳದಿ ಮುಖ, ಕೆಂಪು ಕಣ್ಣು, ಸುರಿಯುವ ಮೂಗು. ಅವಳು ಅಜ್ಜಿಯತ್ತ ತಿರುಗಿ, ಅಂಗಳದ ಕೊನೆಯ ಸಾಲಿಗೂ ಕೇಳುವಂತೆ ಕೂಗಿದಳು.

"ಆಯೀ, ಇವ ದೇವ್ರಲ್ಲ! ನಮ್ಮಪ್ಪ!"

ಅವ್ವ ಬಗ್ಗಿ ನನ್ನ ಮುಖ ನೋಡಿದಳು.

"ನೀನೇನಲೇ? ನಿನ್ನ ಮುಂದ ಸೆರಗ ಒಡ್ಡಿದ್ನೇನ ನಾ?" ಎಂದು ಬಡಿಗೆಯನ್ನು ಸವಿತಾಳ ಕೈಗೆ ಕೊಟ್ಟಳು. "ಬಡಿಯವ್ವಾ, ಜೋರ ಬಡಿ!"

ಸವಿತಾ ಬಡಿಗೆ ಎತ್ತಿದಳು. "ಏ ಡ್ರ್ಯಾಗನ್, ನಮ್ಮೂರ ಬಿಟ್ಟ ನಡಿ!" ಒಂದು ಅಕ್ಷರ ತಪ್ಪಲಿಲ್ಲ, ಒಂದಿಷ್ಟೂ ಅಂಜಲಿಲ್ಲ. ಇಡೀ ಊರು ಚಪ್ಪಾಳೆ ತಟ್ಟಿತು. ನನ್ನ ಕಣ್ಣಲ್ಲಿ ನೀರು ಬಂತು, ಅರ್ಧ ಖಾರದ್ದು, ಅರ್ಧ ಸಂತೋಷದ್ದು.

ಅವಳು ಹೊಡೆದ ಮೂರು ಏಟು ನಾಟಕದಲ್ಲಿ ಬರೆದದ್ದೇ. ನಾಲ್ಕನೆಯದು ಅವ್ವ ಕೊಟ್ಟದ್ದು. ಐದನೆಯದು "ಎರಡೂ ಕಂಬಳಿ ಹಾಳ ಮಾಡಿದ್ರಲ್ರಿ!" ಎಂದು ವೇದಿಕೆ ಹತ್ತಿ ಬಂದ ಕಸ್ತೂರಿಯದು. ಆರನೆಯದಕ್ಕೆ ಸಿದ್ದಪ್ಪ ಡೊಳ್ಳು ಕೆಳಗಿಟ್ಟು ಬಂದ. ಡ್ರ್ಯಾಗನ್ ಎಂದರೆ ಸೈನಿಕರು ಓಡಿದ್ದರು, ದೇವರು ಎಂದರೆ ಊರು ಅಡ್ಡ ಬಿದ್ದಿತ್ತು. ಒಳಗಿದ್ದದ್ದು ನಾನು ಎಂದು ತಿಳಿದದ್ದೇ ತಡ, ಹೊಡೆಯಲು ಪಾಳಿ ಹಚ್ಚಿದರು!