ಮೂರನೇ ಅಡ್ಡರಸ್ತೆಯ ಗಂಡಸರು

ಎಂ.ಎ.ಯಲ್ಲಿ ಶಾಂಭವಿಗೆ ಸಿಕ್ಕಿದ್ದ ಐಚ್ಛಿಕ ವಿಷಯದ ಹೆಸರು ‘ಕುಟುಂಬ, ಲಿಂಗತ್ವ ಮತ್ತು ಲೈಂಗಿಕತೆ’. ಮೊದಲನೆಯ ಪದವನ್ನು ಅವಳು ಎಲ್ಲಿ ಬೇಕಾದರೂ ಹೇಳಬಲ್ಲಳು. ಎರಡನೆಯದನ್ನು ತರಗತಿಯೊಳಗೆ, ಹಾಜರಿ ಹೇಳುವಷ್ಟು ದನಿಯಲ್ಲಿ. ಮೂರನೆಯದು ಬಾಯಿಗೆ ಬರುವ ಮೊದಲೇ ಕೆಮ್ಮು ಬರುತ್ತಿತ್ತು. ನಿಜಕ್ಕೂ ಅವಳಿಗೆ ಬೇಕಾಗಿದ್ದದ್ದು ಗ್ರಾಮೀಣಾಭಿವೃದ್ಧಿ. ಅರ್ಜಿ ಕೊಡುವ ಸಾಲಿನಲ್ಲಿ ಹಿಂದಿದ್ದವರಿಗೆಲ್ಲ ಜಾಗ ಬಿಟ್ಟುಕೊಟ್ಟು ಕಿಟಕಿ ಮುಟ್ಟುವಷ್ಟರಲ್ಲಿ ಅದು ಭರ್ತಿಯಾಗಿತ್ತು.

ಹತ್ತು ಮನೆಗಳಿಗೆ ಹೋಗಿ ಅಡುಗೆ ಯಾರು ಮಾಡುತ್ತಾರೆ, ಪಾತ್ರೆ ಯಾರು ತೊಳೆಯುತ್ತಾರೆ, ಬಟ್ಟೆ ಯಾರು ಒಗೆಯುತ್ತಾರೆ ಎಂದು ಕೇಳಿ ಮನೆಗೊಂದರಂತೆ ನಮೂನೆ ತುಂಬಿಕೊಂಡು ಬರಬೇಕಿತ್ತು. ಮೊದಲ ಸಲ ಶಾಂಭವಿ ತನ್ನ ಕೋಣೆಯಲ್ಲೇ ಕೂತು ಹತ್ತನ್ನೂ ತುಂಬಿದ್ದಳು. ಹತ್ತು ಮನೆಯಲ್ಲೂ ಬೆಳಗಿನ ತಿಂಡಿ ಉಪ್ಪಿಟ್ಟೇ ಆಗಿದ್ದರಿಂದ ಸಿಕ್ಕಿಬಿದ್ದಳು. ಇನ್ನೊಮ್ಮೆ ಸುಳ್ಳು ಬರೆದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಆ ವಿಷಯ ಕಲಿಸುವ ಸಂಧ್ಯಾ ಮೇಡಂ ಹೇಳಿಬಿಟ್ಟಿದ್ದರು. ಇವತ್ತು ಸಂಜೆ ಐದಕ್ಕೆ ಗಡುವು.

ಶಿವಮೊಗ್ಗದಲ್ಲಿ ಯಾವ ಬೀದಿಗೆ ಹೋದರೂ ಅಪ್ಪನ ಪರಿಚಯದವರು ಒಬ್ಬರಾದರೂ ಇರುತ್ತಾರೆ, ನಿಮ್ಮ ಮಗಳು ಏನೇನೋ ಓದುತ್ತಿದ್ದಾಳೆ ಎಂದು ಮನೆಗೆ ಸುದ್ದಿ ಹೋಗುತ್ತದೆ. ಅದಕ್ಕೇ ಅವಳು ಭದ್ರಾವತಿ ಬಸ್ಸು ಹತ್ತಿದಳು. ಇಳಿದು, ಯಾರೂ ಗುರುತಿಲ್ಲದ ಒಂದು ಬಡಾವಣೆಯ ಮೂರನೇ ಅಡ್ಡರಸ್ತೆಗೆ ನುಗ್ಗಿದಾಗ ಗಂಟೆ ಹತ್ತು.

ಮೊದಲ ಮನೆಯ ಕಟ್ಟೆಯ ಮೇಲೆ ಜಗದಾಂಬಾ ಎಂಬ ಹೆಂಗಸು ಅವರೆಕಾಯಿ ಸುಲಿಯುತ್ತಿದ್ದರು. ಯಾರು ಬೇಕಿತ್ತು ಎಂದು ಕೇಳಿದರು. ಶಾಂಭವಿ ನಮೂನೆಯ ತಲೆಬರಹದ ಮೇಲೆ ಹೆಬ್ಬೆರಳು ಒತ್ತಿಕೊಂಡು ನಿಂತಳು.

“ಯಾರೂ ಬೇಡ ಆಂಟಿ. ಇಲ್ಲಿ ಮನೆಗಳಲ್ಲಿ ಯಾರ್ಯಾರು ಇದ್ದಾರೆ, ಗಂಡಸರು ಕೆಲಸ ಮಾಡ್ತಾರಾ, ಅಷ್ಟು ಕೇಳ್ಬೇಕಿತ್ತು.”

ಜಗದಾಂಬಾ ಅವರ ಕೈ ನಿಂತಿತು. ಅವರು ಒಮ್ಮೆ ಪಕ್ಕದ ಮನೆಯ ಕಡೆ ನೋಡಿದರು.

ಪಕ್ಕದ ಮನೆಯಲ್ಲಿ ವಿಶಾಲಮ್ಮನವರ ಮಗ ನಾಗೇಶನಿಗೆ ಮೂವತ್ತಾರು ತುಂಬಿತ್ತು. ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಯಂತ್ರದ ಮೇಲೆ ಕೆಲಸ. ಕುಡಿತವಿಲ್ಲ, ಸಾಲವಿಲ್ಲ, ಹೆಣ್ಣು ಮಾತ್ರ ಸಿಕ್ಕಿರಲಿಲ್ಲ. ಹುಡುಗಿಯ ಕಡೆಯವರು ನೇರ ಹುಡುಗನ ಮನೆಗೆ ಬರುವುದಿಲ್ಲವಲ್ಲ. ಮೊದಲು ಅಕ್ಕಪಕ್ಕದಲ್ಲಿ ಮೆಲ್ಲಗೆ ವಿಚಾರಿಸುತ್ತಾರೆ. ಮೂರು ಸಲ ಬಂದಿದ್ದರು, ಮೂರು ಸಲವೂ ಅಕ್ಕಪಕ್ಕದವರು ನಿಜ ಹೇಳಿದ್ದರು. ಮೂರನೆಯ ಸಲ, ಹುಡುಗ ಉಂಡ ತಟ್ಟೆಯನ್ನೂ ಎತ್ತುವುದಿಲ್ಲ ಎಂದವರು ಸ್ವತಃ ಜಗದಾಂಬಾ. ಅದು ಗೊತ್ತಾದ ದಿನವೇ ವಿಶಾಲಮ್ಮ ತಮ್ಮ ಗೇಟಿಗೆ ಬೀಗ ಹಾಕಿದರು. ಬೀದಿಗಿದ್ದ ಒಂದೇ ಕರಿಬೇವಿನ ಮರ ಆ ಗೇಟಿನ ಒಳಗಿತ್ತು. ಎರಡು ವರ್ಷದಿಂದ ಮೂರನೇ ಅಡ್ಡರಸ್ತೆಯ ಒಗ್ಗರಣೆಗಳಿಗೆ ಪರಿಮಳವೇ ಇರಲಿಲ್ಲ.

“ಕೂತ್ಕೋಮ್ಮ” ಎಂದರು ಜಗದಾಂಬಾ, ದನಿಗೆ ಬೆಲ್ಲ ಬೆರೆಸಿ. “ನಮ್ಮ ಬೀದೀಲಿ ಎಲ್ಲಾ ಕೆಲ್ಸ ಗಂಡಸರದ್ದೇ. ಪಕ್ಕದ್ಮನೆ ನಾಗೇಶ ಅಂತೂ ತಾಯಿನ ಅಡುಗೆಮನೆ ಒಳಗೇ ಬಿಡಲ್ಲ.”

ಶಾಂಭವಿ ಬರೆದುಕೊಂಡಳು. ಅಡುಗೆ: ಗಂಡಸರು. ಪಾತ್ರೆ: ಗಂಡಸರು. ಬಟ್ಟೆ: ಗಂಡಸರು. ಪಠ್ಯಪುಸ್ತಕದಲ್ಲಿ ಎಲ್ಲೂ ಇಂಥ ಬೀದಿಯ ಪ್ರಸ್ತಾಪವಿರಲಿಲ್ಲ.

ಅವಳು ಎರಡನೆಯ ಮನೆಯ ಗೇಟು ತೆಗೆಯುವಷ್ಟರಲ್ಲಿ ಜಗದಾಂಬಾ ಅವರ ಫೋನು ಬೀದಿಯ ತುದಿ ಮುಟ್ಟಿ ವಾಪಸು ಬಂದಿತ್ತು. ತಿಂಡಿ ತಿಂದು ಮಲಗಿದ್ದ ಅವರ ಯಜಮಾನ ಪರಮೇಶ್ವರಪ್ಪನವರನ್ನು ಎಬ್ಬಿಸಿ ಕೈಗೆ ಬಕೆಟ್ಟು ಕೊಟ್ಟಾಗಿತ್ತು. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದ ಅವರು, ಈ ಮನೆಯಲ್ಲಿ ನಲ್ಲಿ ಎಲ್ಲಿದೆ ಎಂದು ಮೊದಲ ಬಾರಿಗೆ ಕೇಳಿದರು. ಎದುರು ಮನೆಯ ಉಜ್ಜನಪ್ಪ ಪೊರಕೆ ಹಿಡಿದು ಅಂಗಳಕ್ಕಿಳಿದು, ಹೆಂಡತಿ ಆಗಷ್ಟೇ ಹಾಕಿದ್ದ ರಂಗೋಲಿಯನ್ನೂ ಸೇರಿಸಿ ಗುಡಿಸಿಬಿಟ್ಟರು. ಇನ್ನೊಬ್ಬರು ಮೊಮ್ಮಗನನ್ನು ಎಣ್ಣೆಕ್ಯಾನಿನಂತೆ ಎರಡೂ ಕೈಯಲ್ಲಿ ಮುಂದಕ್ಕೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಒಳಗಿನಿಂದ ಹೆಂಗಸರು ಪಿಸುದನಿಯಲ್ಲಿ ಅಪ್ಪಣೆ ಕೊಡುತ್ತಿದ್ದರು. ಶಾಂಭವಿ ಹೋದಲ್ಲೆಲ್ಲ ಕಾಫಿ ಕೊಟ್ಟರು. ತರುತ್ತಿದ್ದವರು ಗಂಡಸರೇ ಆದ್ದರಿಂದ ಅರ್ಧ ಚೆಲ್ಲಿ ತಟ್ಟೆಯಲ್ಲಿರುತ್ತಿತ್ತು. ಕಾಫಿಯ ಜೊತೆ ನಾಗೇಶನ ಅಡುಗೆಯ ಹೊಗಳಿಕೆಯೂ ಬರುತ್ತಿತ್ತು, ಅವಳು ಅದನ್ನೂ ನಮೂನೆಯಲ್ಲಿ ಬರೆದುಕೊಂಡಳು.

ಒಂದೂವರೆಯ ಹೊತ್ತಿಗೆ ಒಂಬತ್ತು ನಮೂನೆ ತುಂಬಿದವು. ಹತ್ತನೆಯದಕ್ಕೆ ವಿಶಾಲಮ್ಮನವರೇ ಬೀಗ ತೆಗೆದು, ಕೈಹಿಡಿದು ಒಳಗೆ ಕರೆದುಕೊಂಡು ಹೋದರು. ನಾಗೇಶನನ್ನು ಅಷ್ಟರಲ್ಲಿ ಅರ್ಧ ದಿನ ರಜೆ ಹಾಕಿಸಿ ಮಾಚೇನಹಳ್ಳಿಯಿಂದ ಕರೆಸಿಕೊಂಡಿದ್ದರು. ಅವನು ಅಡುಗೆಮನೆಯಲ್ಲಿ ನಿಂತು ಸೌತೆಕಾಯಿ ಕತ್ತರಿಸುತ್ತಿದ್ದ. ಪ್ರತಿಯೊಂದು ಬಿಲ್ಲೆಯನ್ನೂ ಬೆಳಕಿಗೆ ಹಿಡಿದು ಅಳತೆ ನೋಡಿ ಮುಂದಿನದಕ್ಕೆ ಕೈ ಹಾಕುತ್ತಿದ್ದುದರಿಂದ ಮುಕ್ಕಾಲು ಗಂಟೆಯಲ್ಲಿ ಅರ್ಧ ಕಾಯಿ ಮುಗಿದಿತ್ತು. ಕಿಟಕಿಯಾಚೆ ಜಗದಾಂಬಾ ಅವರ ಬಳೆಗಳ ಸದ್ದು ಕೇಳುತ್ತಿತ್ತು.

ಅವಳನ್ನು ಊಟಕ್ಕೆ ಕೂರಿಸಿದರು. ವಿಶಾಲಮ್ಮ ಉಪ್ಪಿನಕಾಯಿ ತರಲು ಹೋದಾಗ ನಾಗೇಶ ಹತ್ತಿರ ಬಂದು ನೆಲ ನೋಡುತ್ತಾ ನಿಂತ.

“ಒಂದು ಮಾತು ಮೇಡಂ. ಈ ಸಾರು ಅಮ್ಮ ಮಾಡಿದ್ದು. ನಂಗೆ ಗ್ಯಾಸ್ ಹಚ್ಚೋಕೂ ಬರಲ್ಲ. ಹುಡುಗಿಗೆ ಸುಳ್ಳು ಹೇಳಬೇಡಿ.”

“ಯಾವ ಹುಡುಗಿ?”

“ನೀವು ಯಾರ ಕಡೆಯಿಂದ ಬಂದಿದ್ದೀರೋ ಅವಳಿಗೆ.”

ಶಾಂಭವಿಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಚೀಲದಲ್ಲಿದ್ದದ್ದು ಒಂಬತ್ತು ನಮೂನೆಯಲ್ಲ, ಒಂಬತ್ತು ಸುಳ್ಳು. ಕೈ ತೊಳೆದು ಹೊರಗೆ ಬಂದವಳೇ ಜಗದಾಂಬಾ ಅವರನ್ನು ಗೇಟಿನ ಬಳಿ ಹಿಡಿದು, ತಾನು ಯಾವ ಹುಡುಗಿಯ ಕಡೆಯವಳೂ ಅಲ್ಲ, ಎಂ.ಎ. ಓದುತ್ತಿದ್ದೇನೆ, ಇದು ಓದಿಗೆ ಬೇಕಾದ ಸಮೀಕ್ಷೆ, ದಯವಿಟ್ಟು ನಿಜ ಹೇಳಿ ಎಂದು ಬೇಡಿಕೊಂಡಳು. ಹುಟ್ಟಿದಂದಿನಿಂದ ಅವಳು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ತಲೆಬರಹದ ಮೇಲಿನ ಹೆಬ್ಬೆರಳನ್ನೂ ತೆಗೆದು ತೋರಿಸಿದಳು. ಜಗದಾಂಬಾ ಕನ್ನಡಕವಿಲ್ಲದೆ ಓದುವವರಲ್ಲ.

“ಆಯ್ತು ಮಾರಾಯ್ತಿ, ನಾವೇನು ನಿನ್ನ ಕೇಳಿದ್ವಾ?” ಎಂದು ಅವರು ಕಣ್ಣು ಮಿಟುಕಿಸಿದರು. “ಹೆಣ್ಣಿನ ಕಡೆಯೋರು ಅಂತ ಯಾರು ತಾನೇ ಹೇಳ್ಕೊಂಡು ಬರ್ತಾರೆ? ಹೋದ್ಸಲದೋರು ಬಾಡಿಗೆ ಮನೆ ಹುಡುಕ್ತಿದ್ದೀವಿ ಅಂದಿದ್ರು.”

ಅವರ ಸೆರಗಿನ ತುಂಬ ಕರಿಬೇವಿತ್ತು. ವಿಶಾಲಮ್ಮ ಗೇಟಿನಲ್ಲಿ ನಿಂತು ಬೀದಿಗೆಲ್ಲ ಹಂಚುತ್ತಿದ್ದರು. ಪರಮೇಶ್ವರಪ್ಪ ದೂರದಿಂದ, ಇನ್ನು ಬಕೆಟ್ಟು ಕೆಳಗಿಡಬಹುದೇ ಎಂದು ಸನ್ನೆಯಲ್ಲಿ ಕೇಳುತ್ತಿದ್ದರು. ಗಂಟೆ ಮೂರೂವರೆ. ಬೇರೆ ಹತ್ತು ಮನೆ ಹುಡುಕಲು ಹೊತ್ತಿರಲಿಲ್ಲ.

ಬಸ್ಸಿನಲ್ಲಿ ಕೂತು ಅವಳು ಹತ್ತನೆಯದನ್ನೂ ತುಂಬಿದಳು, ವಿಶಾಲಮ್ಮ ಹೇಳಿದಂತೆಯೇ. ಮಾಚೇನಹಳ್ಳಿ ದಾಟುವಾಗ ಮನಸ್ಸು ತಡೆಯಲಿಲ್ಲ. ಏನೇ ಆಗಲಿ, ನಡೆದದ್ದನ್ನೆಲ್ಲ ಮೇಡಂಗೆ ಹೇಳಿ, ಒಂದು ವಾರ ಸಮಯ ಬೇಡಿಕೊಳ್ಳುವುದು ಎಂದು ನಿರ್ಧರಿಸಿದಳು. ಶಿವಮೊಗ್ಗ ಬರುವವರೆಗೂ ಆ ಮಾತುಗಳನ್ನು ಒಳಗೊಳಗೇ ಬಾಯಿಪಾಠ ಮಾಡಿದಳು.

ಐದಕ್ಕೆ ಐದು ನಿಮಿಷವಿರುವಾಗ ಸಂಧ್ಯಾ ಮೇಡಂ ಅವಳ ಕೈಯಿಂದ ಕಾಗದಗಳನ್ನು ತೆಗೆದುಕೊಂಡರು. ಮದುವೆಯ ಮಾರುಕಟ್ಟೆಯ ಬಗ್ಗೆ ಒಂದು ಗಂಟೆ ನೀರು ಕುಡಿಯದೆ ಪಾಠ ಮಾಡುವವರು ಅವರು. ಶಾಂಭವಿ ಬಾಯಿ ತೆರೆದಳು. ಮೇಡಂ ಕೈಯೆತ್ತಿ ತಡೆದು ಓದತೊಡಗಿದರು. ಒಂಬತ್ತನ್ನು ಹುಬ್ಬು ಗಂಟಿಕ್ಕಿ ಓದಿದರು. ಹತ್ತನೆಯದನ್ನು ಎರಡು ಸಲ ಓದಿ, ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡು ಬಂದರು.

“ಈ ನಾಗೇಶ್ ಅನ್ನೋರ ಬಗ್ಗೆ ಅಕ್ಕಪಕ್ಕದ ಒಂಬತ್ತು ಮನೆಯವರೂ ಒಂದೇ ಮಾತು ಹೇಳಿದಾರಲ್ಲ. ಸ್ವಂತ ಮನೇನಾ?”

“ಹೌದು ಮೇಡಂ. ಆದ್ರೆ ಅದು...”

“ನನ್ನ ತಂಗಿ ಸುಪ್ರಿಯಾ ಮೂರು ವರ್ಷದಿಂದ ಒಂದೇ ಹಟ. ಅಡುಗೆ ಮಾಡೋ ಗಂಡು ಸಿಗೋವರೆಗೂ ಮದುವೆ ಬೇಡ ಅಂತಾಳೆ.”

“ಮೇಡಂ, ಅದರಲ್ಲಿ ಬರೆದಿರೋದು...”

“ನಿಜ ತಾನೇ?” ಮೇಡಂ ಕನ್ನಡಕ ತೆಗೆದು ಅವಳನ್ನೇ ನೋಡಿದರು. “ಸುಳ್ಳಾದ್ರೆ ಏನಾಗುತ್ತೆ ಅಂತ ಹೋದ ವಾರನೇ ಹೇಳಿದೀನಿ.”

ಬಾಯಿಪಾಠ ಮಾಡಿದ ಮಾತುಗಳೆಲ್ಲ ಶಾಂಭವಿಯ ಬಾಯಿಂದ ಕೆಮ್ಮಾಗಿ ಹೊರಬಿದ್ದವು. ಮೇಡಂ ಅದನ್ನು ಹೌದೆಂದು ತಿಳಿದರು. ಹತ್ತನೆಯ ನಮೂನೆಯ ಕೆಳಗೆ ಕೆಂಪು ಶಾಯಿಯಲ್ಲಿ ಇನ್ನೂ ಮೂರು ಪ್ರಶ್ನೆ ಬರೆದರು: ರಾಶಿ, ನಕ್ಷತ್ರ, ಗೋತ್ರ. ಕಾಗದವನ್ನು ಮಡಿಸಿ ಅವಳ ಕೈಗೇ ವಾಪಸು ಕೊಟ್ಟರು.

“ನಾಳೆ ಹೋಗಿ ಇಷ್ಟನ್ನೂ ತುಂಬಿಸ್ಕೊಂಡು ಬಾ, ಆಮೇಲೆ ಅಂಕ ಹಾಕ್ತೀನಿ. ನನ್ನ ಹೆಸರು ಮಾತ್ರ ಎತ್ತಬೇಡ. ಕೇಳಿದ್ರೆ, ಓದೋಕೆ ಬೇಕಿತ್ತು ಅನ್ನು.”